ಬ್ಯಾಂಕ್ ಸೇಲ್ಸ್ ಇಂಟರ್ವ್ಯೂಗೆ ಏನು ಓದ್ಕೊಂಡು ಹೋಗ್ಲಿ?

"ಸರ್, ಬ್ಯಾಂಕ್‌ನವರು ಇಂಟರ್ವ್ಯೂಗೆ ಕರೆದಿದ್ದಾರೆ. ಸೇಲ್ಸ್ ಪೋಸ್ಟ್. ಏನು ಓದ್ಕೊಂಡು ಹೋಗ್ಲಿ?"

ತಿಂಗಳಿಗೆ ನಾಲ್ಕೈದು ಸಲವಾದರೂ ಈ ಫೋನ್ ಬರುತ್ತದೆ. ಒಮ್ಮೆ ಸಾಗರದಿಂದ, ಒಮ್ಮೆ ಕೊಪ್ಪದಿಂದ. ಹೆಚ್ಚಿನವು ಶಿವಮೊಗ್ಗದ ಒಳಗಿನವೇ. ಬಿಕಾಂ, ಬಿಬಿಎ ಮುಗಿಸಿದ ಹುಡುಗ ಹುಡುಗಿಯರು. ನಾನು ಹದಿಮೂರು ವರ್ಷ ಖಾಸಗಿ ಬ್ಯಾಂಕಿನ ಬ್ರಾಂಚ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಅದರಲ್ಲಿ ಆರು ವರ್ಷ ಪ್ರಶ್ನೆ ಕೇಳುವವರ ಸಾಲಿನಲ್ಲಿ ಕೂತಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್, ಪಿಒ (ಪ್ರೊಬೇಷನರಿ ಆಫೀಸರ್) ಕೆಲಸಕ್ಕೆ ಐಬಿಪಿಎಸ್ ತರಹದ ಪರೀಕ್ಷೆ ಇರುತ್ತದೆ. ಅದಕ್ಕೆ ರೀಸನಿಂಗ್, ಲೆಕ್ಕ, ಇಂಗ್ಲಿಷ್ ಎಲ್ಲ ಓದಲೇಬೇಕು. ಖಾಸಗಿ ಬ್ಯಾಂಕಿನ ಸೇಲ್ಸ್ ಆಫೀಸರ್, ರಿಲೇಶನ್‌ಶಿಪ್ ಆಫೀಸರ್ ಕೆಲಸದ ದಾರಿ ಬೇರೆ. ಅಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾರೆ. ಪರೀಕ್ಷೆಯ ಪುಸ್ತಕ ಹಿಡಿದು ಈ ಇಂಟರ್ವ್ಯೂಗೆ ತಯಾರಾದರೆ ಕಷ್ಟ.

ನಾನು ಹಾಗೇ ಹೋಗಿದ್ದೆ. ನೆಹರೂ ರಸ್ತೆಯಲ್ಲಿ ಒಂದು ಕಟ್ಟಡದ ಮೇಲಿನ ಮಹಡಿ. ರೆಪೋ ರೇಟು, ಸಿಆರ್‌ಆರ್, ಎಸ್‌ಎಲ್‌ಆರ್ ಅಂತ ರಿಸರ್ವ್ ಬ್ಯಾಂಕಿನ ಲೆಕ್ಕಗಳೆಲ್ಲ ಬಾಯಿಪಾಠ ಆಗಿತ್ತು. ಅದ್ಯಾವುದನ್ನೂ ಅವರು ಕೇಳಲಿಲ್ಲ. "ನಿಮ್ಮ ಮನೆಯವರ ದುಡ್ಡು ಎಲ್ಲಿದೆ?" ಅಂದರು. "ಸೊಸೈಟಿಯಲ್ಲಿ ಸರ್" ಅಂದೆ. "ಅಲ್ಲೇ ಯಾಕೆ? ಬ್ಯಾಂಕಿನಲ್ಲಿ ಯಾಕಿಲ್ಲ?" ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಪ್ಪ ಮೂವತ್ತು ವರ್ಷದಿಂದ ಅಲ್ಲೇ ವ್ಯವಹಾರ ಮಾಡುತ್ತಿದ್ದರು. ಯಾಕೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಆ ಕೆಲಸ ಸಿಗಲಿಲ್ಲ.

ಅವತ್ತು ರಾತ್ರಿ ತೀರ್ಥಹಳ್ಳಿ ಬಸ್ ಹತ್ತಿ ಮನೆಗೆ ಹೋಗಿ ಕೇಳಿದೆ. ಅಪ್ಪ ಹೇಳಿದ್ದು ಇಷ್ಟೇ: "ಮಳೆಗಾಲದಲ್ಲಿ ಕೈ ಖಾಲಿ ಇರುತ್ತಲ್ಲ, ಆಗ ಕೊಡೋರು ಅವರು. ಅಡಿಕೆ ಕೊನೆಕೊಯ್ಲು ಆದ್ಮೇಲೆ ತೀರಿಸ್ತೀವಿ. ಸೆಕ್ರೆಟರಿಗೆ ನಮ್ಮ ತೋಟ ಗೊತ್ತು. ಎಷ್ಟು ಅಡಿಕೆ ಆಗುತ್ತೆ ಅಂತಾನೂ ಗೊತ್ತು."

ಮಲೆನಾಡಿನಲ್ಲಿ ಬ್ಯಾಂಕ್ ಸೇಲ್ಸ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಇಂದಿಗೂ ಸಿಕ್ಕಿಲ್ಲ. ಇಲ್ಲಿ ನಮ್ಮ ಪೈಪೋಟಿ ಪಕ್ಕದ ಬ್ಯಾಂಕಿನ ಜೊತೆ ಮಾತ್ರ ಇಲ್ಲ. ಊರಿನ ಸೊಸೈಟಿ ಇದೆ, ಜಿಲ್ಲೆಯ ಸಹಕಾರಿ ಬ್ಯಾಂಕಾದ ಡಿಸಿಸಿ ಬ್ಯಾಂಕ್ ಇದೆ, ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್ ಇದೆ, ಮಂಡಿ ಇದೆ, ಹೆಂಗಸರ ಸಂಘ ಇದೆ. ಜನ ಅಲ್ಲಿಗೆ ಹೋಗುವುದಕ್ಕೆ ಒಳ್ಳೆಯ ಕಾರಣಗಳಿವೆ. ಆ ಕಾರಣ ಗೊತ್ತಿಲ್ಲದೆ "ನಮ್ಮ ಬ್ಯಾಂಕ್ ಬೆಸ್ಟ್" ಅಂದರೆ ಯಾರು ಕೇಳುತ್ತಾರೆ?

ಅದೂ ಅಲ್ಲದೆ, ಬ್ಯಾಂಕಿನವರು ಮನೆ ಬಾಗಿಲಿಗೆ ಹೋಗುವುದು ನಮ್ಮ ಕಡೆ ಹೊಸದೇನೂ ಅಲ್ಲ. ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾ ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಚಿಲ್ಲರೆ ಕಾಸು ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿಹೋಯಿತು. ಪಿಗ್ಮಿ ಅನ್ನುವ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ. ಪಿಗ್ಮಿ ಕಲೆಕ್ಟರ್ ಬಂದಾಗ ಅಂಗಡಿಯವರು ಒಂದು ಲೋಟ ಕಾಫಿ ಕೊಡುತ್ತಾರೆ, ಮಗಳ ಮದುವೆ ಮಾತಾಡುತ್ತಾರೆ. ಸೇಲ್ಸ್ ಅಂದರೆ ಕೀಳು ಕೆಲಸ ಅಂತ ಅಂದುಕೊಂಡು ಇಂಟರ್ವ್ಯೂಗೆ ಬರುವವರಿಗೆ ನಾನು ಇದನ್ನು ಹೇಳುತ್ತೇನೆ.

ಈಗ ಒಬ್ಬ ಹುಡುಗಿಯ ಕಥೆ. ಹೊಸನಗರದ ಕಡೆಯವಳು. ಒಳಗೆ ಬಂದು ಕೂತಳು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. "ನಿಮ್ಮ ಬಗ್ಗೆ ಹೇಳಿ" ಅಂದರೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು. ನಡುವೆ ಒಂದು ಕಡೆ ಮರೆತು ನಿಂತುಬಿಟ್ಟಳು. ಕೈ ನಡುಗುತ್ತಿತ್ತು. ನಾನು ಬಯೋಡೇಟಾ ನೋಡಿದೆ. ಡಿಗ್ರಿ ಮುಗಿದು ಎರಡು ವರ್ಷ ಏನೂ ಬರೆದಿರಲಿಲ್ಲ.

"ಈ ಎರಡು ವರ್ಷ ಏನು ಮಾಡ್ತಿದ್ರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗಾಂಧಿ ಬಜಾರಲ್ಲಿ ಬಟ್ಟೆ ಅಂಗಡಿಯಲ್ಲಿದ್ದೆ ಸರ್. ಸೀರೆ ಸೆಕ್ಷನ್."

"ಅದನ್ನ ಯಾಕೆ ಬರೆದಿಲ್ಲ?"

"ಅದು ಎಕ್ಸ್‌ಪೀರಿಯೆನ್ಸ್ ಅಂತ ತಗೊಳ್ತಾರಾ ಸರ್?"

ಕನ್ನಡದಲ್ಲೇ ಮಾತಾಡಿ ಅಂದೆ. ಬಂದವರು ಕೊಳ್ಳುತ್ತಾರೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಅವಳ ಬೆನ್ನು ನೆಟ್ಟಗಾಯಿತು. "ಮುಖ ನೋಡಲ್ಲ ಸರ್, ಕೈ ನೋಡ್ತೀನಿ. ಒಂದು ಸೀರೆ ಮುಟ್ಟಿ, ರೇಟಿನ ಚೀಟಿ ತಿರುಗಿಸಿ ನೋಡಿ, ಮತ್ತೆ ಮಡಚಿ ಇಟ್ಟರೆ ಅವರಿಗೆ ಅದು ಇಷ್ಟ ಆಗಿದೆ ಅಂತ ಅರ್ಥ. ದುಡ್ಡು ಸಾಲಲ್ಲ ಅಷ್ಟೇ. ಏನೂ ಕೇಳದೆ ಅದೇ ಬಣ್ಣದ್ದು ಕಡಿಮೆ ರೇಟಿನದು ತೆಗೆದು ಪಕ್ಕದಲ್ಲಿ ಹಾಕ್ತೀನಿ. ರೇಟು ಜಾಸ್ತಿ ಆಯ್ತಾ ಅಂತ ಎಲ್ಲರ ಮುಂದೆ ಕೇಳಿದ್ರೆ ಎದ್ದು ಹೋಗ್ತಾರೆ."

ನನ್ನ ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಮೇಲಧಿಕಾರಿ ಪೆನ್ನು ಕೆಳಗಿಟ್ಟರು. ಅವಳನ್ನು ತೆಗೆದುಕೊಂಡೆವು.

ಹೀಗಾಗಿ ನನ್ನ ಉತ್ತರದ ಮುಖ್ಯ ಮಾತು ಇದು. ನೀವು ಮಾಡಿದ ಕೆಲಸ ಯಾವುದಿದ್ದರೂ ಮುಚ್ಚಿಡಬೇಡಿ. ಮೆಡಿಕಲ್ ಶಾಪ್, ಮೊಬೈಲ್ ಅಂಗಡಿ, ಅಪ್ಪನ ಹೋಟೆಲಿನ ಗಲ್ಲಾ, ಜಾತ್ರೆಯಲ್ಲಿ ಹಾಕಿದ ಸ್ಟಾಲ್, ಯಾವುದಾದರೂ ಸರಿ. ಯಾರೋ ಒಬ್ಬರ ಕೈ ನೋಡಿ ಅವರ ಮನಸ್ಸು ತಿಳಿದುಕೊಂಡ ದಿನ ನಿಮ್ಮ ಬದುಕಿನಲ್ಲಿ ಇದ್ದೇ ಇರುತ್ತದೆ. ಅದನ್ನು ಹೇಳಿ. "ಈ ಪೆನ್ ನನಗೆ ಮಾರಿ" ಅಂತ ಕೇಳುವವರು ಈಗಲೂ ಇದ್ದಾರೆ. ಪೆನ್ನಿನ ಗುಣಗಾನ ಶುರು ಮಾಡುವ ಮೊದಲು "ನೀವು ದಿನಾ ಏನು ಬರೀತೀರಿ ಸರ್?" ಅಂತ ಒಂದು ಪ್ರಶ್ನೆ ಕೇಳಿದರೆ ಅರ್ಧ ಗೆದ್ದ ಹಾಗೆ.

ಟಾರ್ಗೆಟ್ ಬಗ್ಗೆ ಖಂಡಿತ ಕೇಳುತ್ತಾರೆ. "ತಿಂಗಳಿಗೆ 20 ಅಕೌಂಟ್ ತರಬೇಕು, ಹೇಗೆ ತರ್ತೀರಿ?" ಇಲ್ಲಿ "ಕಷ್ಟಪಟ್ಟು ಮಾಡ್ತೀನಿ ಸರ್" ಅನ್ನುವವರೇ ಜಾಸ್ತಿ. ಲೆಕ್ಕ ಹಾಕಿ ಹೇಳಿ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಕಳೆದರೆ ತಿಂಗಳಿಗೆ 24 ದಿನ ಸಿಗಬಹುದು. ದಿನಕ್ಕೆ ಒಂದು ಅಕೌಂಟೂ ಬೇಕಾಗುವುದಿಲ್ಲ. ಆದರೆ ಒಂದು ಅಕೌಂಟಿಗೆ ಹತ್ತು ಜನರ ಹತ್ತಿರವಾದರೂ ಮಾತಾಡಬೇಕಾಗುತ್ತದೆ, ಇದು ನನ್ನ ಅನುಭವ. ಆ ಹತ್ತು ಜನ ಎಲ್ಲಿದ್ದಾರೆ ಅಂತ ಹೇಳಿ. ಸವಳಂಗ ರಸ್ತೆಯ ಕ್ಲಿನಿಕ್‌ಗಳು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಸಂಬಳದ ಅಕೌಂಟ್‌ಗಳು, ಎಪಿಎಂಸಿಯ ವರ್ತಕರ ಕರೆಂಟ್ ಅಕೌಂಟ್, ಹಾಸ್ಟೆಲಿನ ಹುಡುಗರು. ಊರಿನ ದುಡ್ಡು ಯಾವಾಗ ಓಡಾಡುತ್ತದೆ ಅನ್ನುವುದೂ ಗೊತ್ತಿರಬೇಕು. ಕೊನೆಕೊಯ್ಲು ಮುಗಿದು, ಬೇಯಿಸಿ, ಒಣಗಿಸಿ, ರಾಶಿ ಅಡಿಕೆ ಮಾರುಕಟ್ಟೆಗೆ ಹೋದ ಮೇಲೆ ರೈತರ ಕೈಗೆ ದುಡ್ಡು ಬರುತ್ತದೆ. ಆಗ ಎಫ್‌ಡಿ ಮಾತು. ಮೇ, ಜೂನ್‌ನಲ್ಲಿ ಶಾಲೆ ಫೀಸು. ಜುಲೈನ ಜಡಿಮಳೆಯಲ್ಲಿ ಆಗುಂಬೆ ಕಡೆ ಹೋಗಿ ಠೇವಣಿ ಇಡಿ ಅಂದರೆ ಪಾಪ, ಅವರು ಎಲ್ಲಿಂದ ತರುತ್ತಾರೆ?

ಇನ್ನೊಂದು ಪ್ರಶ್ನೆ ಇದೆ. ನಾನು ಎಲ್ಲರಿಗೂ ಕೇಳುತ್ತಿದ್ದೆ. "ಅಡಿಕೆ ಮಾರಿದ ದುಡ್ಡು 2 ಲಕ್ಷ ಹಿಡ್ಕೊಂಡು ವಯಸ್ಸಾದ ರೈತರೊಬ್ಬರು ಎಫ್‌ಡಿ ಮಾಡಲು ಬಂದಿದ್ದಾರೆ. ನಿಮ್ಮ ಇನ್ಶೂರೆನ್ಸ್ ಟಾರ್ಗೆಟ್ ಬಾಕಿ ಇದೆ. ತಿಂಗಳ ಕೊನೆ. ಏನು ಮಾಡ್ತೀರಿ?"

ಇದನ್ನು ಕೇಳಲು ಕಾರಣ ನನ್ನ ಚಿಕ್ಕಪ್ಪ. ಒಂದು ಬ್ಯಾಂಕಿಗೆ ಹೀಗೇ ಹೋಗಿದ್ದರು. "ಎಫ್‌ಡಿ ತರಹಾನೇ ಅಜ್ಜ, ಬಡ್ಡಿ ಜಾಸ್ತಿ" ಅಂದರಂತೆ. ನಾಲ್ಕು ಕಡೆ ಸಹಿ ಹಾಕಿಸಿದರು. ಮಾರನೇ ವರ್ಷ ಕಾಗದ ಬಂತು, ಇನ್ನೂ 2 ಲಕ್ಷ ಪ್ರೀಮಿಯಂ ಕಟ್ಟಿ ಅಂತ. ಅದು ವರ್ಷಾ ವರ್ಷಾ ಕಟ್ಟುವ ಪಾಲಿಸಿ. ಚಿಕ್ಕಪ್ಪ ಆ ಕಾಗದವನ್ನು ದೇವರ ಮನೆಯ ಗೂಡಿನಲ್ಲಿಟ್ಟು ಮೂರು ದಿನ ಯಾರಿಗೂ ಹೇಳಲಿಲ್ಲ. ನನಗೆ ತೋರಿಸುವಾಗ ಅವರೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ಅದನ್ನು ನಾನು ಮರೆಯುವುದಿಲ್ಲ. ಪಾಲಿಸಿ ಬೇಡ ಅನ್ನಿಸಿದರೆ ವಾಪಸ್ ಕೊಡಲು ಒಂದಿಷ್ಟು ದಿನ ಅವಕಾಶ ಇರುತ್ತದೆ. ಈಗ ಅದು 30 ದಿನ. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರು ಮೊದಲು ರೈತರನ್ನೇ ಕೇಳುತ್ತಿದ್ದರು. "ಈ ದುಡ್ಡು ಯಾವಾಗ ಬೇಕಾಗುತ್ತೆ ಯಜಮಾನ್ರೇ?" ಮುಂದಿನ ವರ್ಷ ಮನೆ ಹಂಚು ತೆಗೆಸಬೇಕು, ಮೊಮ್ಮಗಳ ಮದುವೆ ಇದೆ ಅಂದರೆ ಎಫ್‌ಡಿಯೇ ಸರಿ. ಹಿರಿಯ ನಾಗರಿಕರಿಗೆ ಹೆಚ್ಚಿನ ಬ್ಯಾಂಕುಗಳು ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡುತ್ತವೆ, ಅದನ್ನು ಹೇಳಿ. ಬ್ಯಾಂಕ್ ಮುಳುಗಿದರೆ ಗತಿ ಏನು ಅಂತ ಅವರು ಕೇಳಿದರೆ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ ಅಂತ ಹೇಳಿ. 2020ರ ಫೆಬ್ರವರಿಗೆ ಮುಂಚೆ ಅದು ಬರೀ 1 ಲಕ್ಷ ಇತ್ತು. ಇನ್ಶೂರೆನ್ಸ್ ಮಾತು ಅವರ ಮಗನ ಹತ್ತಿರ ಆಡಬಹುದು. ಮನೆ ನಡೆಸುವವನು, ಸಾಲ ಇರುವವನು. ಅವನಿಗೆ ನಿಜವಾಗಿಯೂ ಬೇಕಿರುತ್ತದೆ. "ಟಾರ್ಗೆಟ್ ಮುಖ್ಯ ಸರ್, ಹೇಗಾದ್ರೂ ಒಪ್ಪಿಸ್ತೀನಿ" ಅಂದವರನ್ನು ನಾನು ತೆಗೆದುಕೊಳ್ಳಲಿಲ್ಲ. ಅವರನ್ನು ತೆಗೆದುಕೊಳ್ಳುವ ಕಡೆಯೂ ಇರಬಹುದು. ನಿಮಗೆ ಅಂಥ ಕಡೆ ಕೆಲಸ ಬೇಕಾ ಅಂತ ಯೋಚನೆ ಮಾಡಿ.

ಓದಲೇಬೇಕು ಅನ್ನುವವರು ಎನ್‌ಐಎಸ್‌ಎಂ ಅನ್ನುವ ಷೇರುಪೇಟೆ ತರಬೇತಿ ಸಂಸ್ಥೆಯ ಮ್ಯೂಚುವಲ್ ಫಂಡ್ ಪರೀಕ್ಷೆ, ಅಂದರೆ ಸೀರೀಸ್ 5ಎ ಬರೆಯಿರಿ. 100 ಪ್ರಶ್ನೆ, ಎರಡು ಗಂಟೆ, 50 ಬಂದರೆ ಪಾಸ್. ಮ್ಯೂಚುವಲ್ ಫಂಡ್ ಮಾರುವವರಿಗೆ ಅದು ಹೇಗಿದ್ದರೂ ಬೇಕು, ಮೊದಲೇ ಬರೆದಿದ್ದರೆ ಬಯೋಡೇಟಾಗೆ ತೂಕ.

ನೀವೂ ಅವರನ್ನು ಕೇಳಿ. ಇದು ಬ್ಯಾಂಕಿನ ಸ್ವಂತ ರೋಲಾ, ಏಜೆನ್ಸಿ ಮೂಲಕವಾ? ಪೆಟ್ರೋಲ್ ಖರ್ಚು ಕೊಡ್ತಾರಾ? ಸಂಬಳದಲ್ಲಿ ಖಾತ್ರಿ ಎಷ್ಟು, ಇನ್ಸೆಂಟಿವ್ ಎಷ್ಟು? ಮರ್ಯಾದೆಯಿಂದ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೆಲಸ ಕೊಡಿಸ್ತೀವಿ, ಡೆಪಾಸಿಟ್ ಕಟ್ಟಿ ಅಂತ ಫೋನ್ ಬಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಹೋದ ವಾರ ರಿಪ್ಪನ್‌ಪೇಟೆಯ ಹುಡುಗನೊಬ್ಬ ಇದೇ ಪ್ರಶ್ನೆ ಕೇಳಿದ. "ಇವತ್ತು ಅಮ್ಮನ ಪಾಸ್‌ಬುಕ್ ಹಿಡ್ಕೊಂಡು ಕೂತ್ಕೋ ಮಾರಾಯ, ಒಂದೊಂದು ಸಾಲೂ ಏನು ಅಂತ ಅವರಿಗೆ ಹೇಳು" ಅಂದೆ. ರಾತ್ರಿ ಒಂಬತ್ತಕ್ಕೆ ಅವನ ಫೋನ್. "ಸರ್, ವರ್ಷಕ್ಕೊಂದು ಸಲ 436 ರೂಪಾಯಿ ಕಟ್ ಆಗಿದೆ. ಅಮ್ಮನಿಗೆ ಅದೇನು ಅಂತಾನೇ ಗೊತ್ತಿಲ್ಲ." ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ, 2 ಲಕ್ಷದ ಜೀವ ವಿಮೆ ಅಂತ ಹೇಳಿದೆ. ಅವರಿಗೆ ಅರ್ಥ ಆಗುವ ಹಾಗೆ ಹೇಳಿ ಬಾ ಅಂದೆ.

ಮಾರನೇ ದಿನ ಮತ್ತೆ ಫೋನ್. ಅಮ್ಮ ಎಲ್ಲ ಕೇಳಿಸಿಕೊಂಡು, "ನನಗೀಗ ಐವತ್ತೆರಡು, ಇದು ಎಲ್ಲಿವರೆಗೆ ನಡೆಯುತ್ತೆ?" ಅಂದರಂತೆ. ಇವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಬ್ಯಾಂಕ್ ತೆಗೆಯುವ ಹೊತ್ತಿಗೆ ಹೋಗಿ ನಿಂತು ಕೇಳಿಕೊಂಡು ಬಂದಿದ್ದಾನೆ. ಐವತ್ತರ ಒಳಗೆ ಸೇರಿದವರಿಗೆ 55 ತುಂಬುವವರೆಗೂ ಇರುತ್ತದೆ, ಪ್ರತಿ ಮೇ ಕೊನೆಗೆ ಅಕೌಂಟಿನಲ್ಲಿ ದುಡ್ಡು ಇರಬೇಕು. "ಅಮ್ಮ ಈಗ ಪಕ್ಕದ ಮನೆಯವರ ಪಾಸ್‌ಬುಕ್ಕೂ ತಂದು ಕೊಟ್ಟಿದ್ದಾರೆ ಸರ್" ಅಂದ. ಅವನ ಇಂಟರ್ವ್ಯೂ ಬರುವ ಗುರುವಾರ.