ಹೂವಿಗೆ ಬಣ್ಣ ಯಾಕಿಲ್ಲ ಅಂತ ಕೇಳುವವರಿಗೆ

"ಅಲ್ಲಾ, ಹೂವು ಅಂದ್ರೇನೇ ಬಣ್ಣ ಅಲ್ವಾ? ಅದನ್ನ ಹೋಗಿ ಕಪ್ಪು-ಬಿಳುಪಿನಲ್ಲಿ ಯಾಕೆ ತೆಗೀತೀರಿ?"

ಮಾಟುಂಗದ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಊರಿನಿಂದ ಫೋನ್ ಮಾಡಿದ ಚಿಕ್ಕಮ್ಮ, ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೇ ಕೇಳುತ್ತಾರೆ. ಇಷ್ಟು ವರ್ಷ "ಸುಮ್ನೆ, ಇಷ್ಟ" ಅಂತ ನಕ್ಕು ಮುಗಿಸುತ್ತಿದ್ದೆ. ಅದು ಸುಳ್ಳು. ಸುಮ್ನೆ ಏನಲ್ಲ. ಇನ್ನು ಬಾಯಲ್ಲಿ ಹೇಳುವ ತಾಳ್ಮೆ ನನಗಿಲ್ಲ, ಬರೆದಿಡುತ್ತೇನೆ.

ಹೋದ ನವರಾತ್ರಿಯಲ್ಲಿ ನಮ್ಮ ಕನ್ನಡದವರ ಒಂದು ಕಾರ್ಯಕ್ರಮ ಇತ್ತು. ಗೋಡೆಯ ಮೇಲೆ ನನ್ನ ಆರು ಚಿತ್ರ ಹಾಕಿದ್ದರು. ಮುಂಬೈಯ ನವರಾತ್ರಿ ಗೊತ್ತಲ್ಲ, ದಿನಕ್ಕೊಂದು ಬಣ್ಣ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿ ಒಂದು ದಿನ ಪೂರ್ತಿ ಹಳದಿ, ಮರುದಿನ ಪೂರ್ತಿ ಹಸಿರು. ಅವತ್ತು ಬೂದು ಬಣ್ಣದ ದಿನ. ಬೂದು ಸೀರೆ ಉಟ್ಟ ಆಂಟಿಯೊಬ್ಬರು ಚಿತ್ರದ ಪಕ್ಕ ನಿಂತು, "ಇವತ್ತಿನ ಕಲರ್‌ಗೆ ಮ್ಯಾಚಿಂಗ್ ಮಾಡಿದ್ರಾ?" ಅಂದರು. ನಾನೂ ನಕ್ಕೆ, ಚೆನ್ನಾಗಿತ್ತು ಆ ಮಾತು.

ಆಮೇಲೆ ಹಿರಿಯರೊಬ್ಬರು ಬಂದರು. ದಾಸವಾಳದ ಚಿತ್ರ ನೋಡಿ ತಲೆ ಆಡಿಸಿದರು. "ಇಂಥದ್ದನ್ನ ಮನೇಲಿ ಹಾಕಬಾರದಮ್ಮ. ತೀರಿಕೊಂಡವರ ಫೋಟೋ ಇದ್ದ ಹಾಗಿದೆ. ಹಾರ ಒಂದು ಕಡಿಮೆ."

ಹೂವಿಗೆ ಹೂವಿನ ಹಾರ! ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ದಾಸವಾಳ ಅರಳಿದ್ದೇ ನಾನು ಚಿತ್ರ ತೆಗೆದ ದಿನ ಬೆಳಗ್ಗೆ. ಬಾಲ್ಕನಿಯ ಕುಂಡದಲ್ಲಿ ಬಿಟ್ಟ, ಒಂದೇ ದಿನ ಬಾಳುವ ಹೂವು. ಅದಕ್ಕಾಗಿ ನಾನು ಮೇ ತಿಂಗಳ ಮುಂಬೈಯಲ್ಲಿ ಎರಡು ಗಂಟೆ ಫ್ಯಾನ್ ಆರಿಸಿ ಕೂತಿದ್ದೆ. ಮನೆಯವರೆಲ್ಲ ಬೆವರು ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಹೋಗಿದ್ದರು.

ಫ್ಯಾನ್ ಯಾಕೆ ಆರಿಸಬೇಕು ಅಂದರೆ, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನಲ್ಲಿ 1:1 ಅಳತೆಗೆ ಹೋದಾಗ ಹೂವಿನ ಒಂದು ಸೆಂಟಿಮೀಟರ್ ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕದ) ಮೇಲೂ ಒಂದು ಸೆಂಟಿಮೀಟರೇ ಬೀಳುತ್ತದೆ. ಅಷ್ಟು ಹತ್ತಿರದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 8ರಷ್ಟು ಕಿರಿದು ಮಾಡಿದರೂ ಫೋಕಸ್ ನಿಲ್ಲುವುದು ಸುಮಾರು 1 ಮಿಲಿಮೀಟರ್ ದಪ್ಪಕ್ಕೆ ಮಾತ್ರ. ದಾಸವಾಳದ ನಡುವಿನ ಕೊಳವೆಯ ತುದಿಯಲ್ಲಿ ಮಖಮಲ್ಲಿನಂಥ ಐದು ಗುಂಡುಗಳಿವೆ ನೋಡಿ. ಒಂದು ಗುಂಡು ಸ್ಪಷ್ಟವಾದರೆ ಪಕ್ಕದ್ದು ಮಸುಕು. ಹಾಗಾಗಿ ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಇಪ್ಪತ್ತು ಸಲ ಕ್ಲಿಕ್ ಮಾಡಿ, ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸುತ್ತೇನೆ. ಆ ಇಪ್ಪತ್ತರ ನಡುವೆ ಹೂವು ಒಮ್ಮೆ ಅಲುಗಿದರೆ ಮತ್ತೆ ಮೊದಲಿನಿಂದ. ಹಿಂದೆ ಒಂದು ಕಪ್ಪು ಬ್ಲೌಸ್ ಪೀಸ್, ಕಿಟಕಿಯ ಗ್ರಿಲ್ಲಿಗೆ ಬಟರ್ ಪೇಪರ್. ಇಷ್ಟೇ ನನ್ನ ಸ್ಟುಡಿಯೋ.

"ಬಣ್ಣ ಯಾಕೆ ತೆಗೆದುಬಿಟ್ರಿ?" ಅನ್ನುತ್ತಾರಲ್ಲ, ಆ 'ತೆಗೆದುಬಿಟ್ರಿ' ನನಗೆ ಆಗದ ಮಾತು. ಕ್ಯಾಮೆರಾದ ಸೆನ್ಸರಿಗೆ ಬಣ್ಣವೇ ಗೊತ್ತಿಲ್ಲ. ಅದರ ಒಂದೊಂದು ಚುಕ್ಕೆಯೂ ಎಷ್ಟು ಬೆಳಕು ಬಿತ್ತು ಅಂತ ಮಾತ್ರ ಅಳೆಯುತ್ತದೆ. ಚುಕ್ಕೆಗಳ ಮೇಲೆ ಕೆಂಪು, ಹಸಿರು, ನೀಲಿ ಗಾಜಿನಂಥ ಫಿಲ್ಟರುಗಳನ್ನು ಕೂರಿಸಿ, ಬಣ್ಣವನ್ನು ಆಮೇಲೆ ಲೆಕ್ಕ ಹಾಕುತ್ತಾರೆ. ಅದರಲ್ಲೂ ಅರ್ಧ ಚುಕ್ಕೆಗಳು ಹಸಿರಿನವು, ಕೆಂಪಿನದು ಕಾಲು ಭಾಗ ಮಾತ್ರ. ಅಂದರೆ ಮೊದಲು ಬರುವುದು ಬೆಳಕು.

"ಫೋನಿನಲ್ಲಿ ಫಿಲ್ಟರ್ ಹಾಕಿದ್ರೆ ಆಯ್ತಲ್ವಾ?" ಅನ್ನುವವರೂ ಇದ್ದಾರೆ. ಹಾಕಿ ನೋಡಿ. ಬಣ್ಣವನ್ನು ಸುಮ್ನೆ ಸೊನ್ನೆ ಮಾಡಿದರೆ ಕೆಂಪು ದಾಸವಾಳವೂ ಅದರ ಹಸಿರು ಎಲೆಯೂ ಹೆಚ್ಚು ಕಡಿಮೆ ಒಂದೇ ಬೂದಿ ಬಣ್ಣಕ್ಕೆ ಬಂದು ನಿಲ್ಲುತ್ತವೆ. ಹೂವು ಎಲ್ಲಿ ಮುಗಿಯಿತು, ಎಲೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಎಡಿಟಿಂಗ್ ಬೇಕಾಗುವುದೇ ಅಲ್ಲಿ. ಕೆಂಪಿನ ಸ್ಲೈಡರ್ ಮೇಲೆ ತಂದರೆ ಎಸಳು ಪಿಂಗಾಣಿಯ ಹಾಗೆ ಬೆಳ್ಳಗಾಗುತ್ತದೆ. ಕೆಳಗೆ ಇಳಿಸಿದರೆ ಅದೇ ಎಸಳು ಕಾಡಿಗೆಯಾಗುತ್ತದೆ. ನನಗೆ ಬೇಕಾದದ್ದು ಎಸಳಿನ ನರಗಳು, ಮಡಿಕೆಯೊಳಗಿನ ನೆರಳು. ಅವು ಉಳಿಯಬೇಕು ಅಂದರೆ ಚಿತ್ರ ತೆಗೆಯುವಾಗಲೇ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕು ಕೊಡಬೇಕು. ಕೆಂಪು ಹೂವಿನಲ್ಲಿ ಕೆಂಪೇ ಮೊದಲು ತುಂಬಿ ಹರಿಯುವುದು. ಹರಿದು ಹೋದ ಮೇಲೆ ಯಾವ ಸ್ಲೈಡರೂ ನರಗಳನ್ನು ವಾಪಸ್ ಕೊಡುವುದಿಲ್ಲ.

"ಹಾಗಾದ್ರೆ ಇದು ಮೋಸ ಅಲ್ವಾ?" ಅಲ್ಲ. ಹಳೇ ಕಾಲದ ಫೋಟೋ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ನೀಲಿ ಮಾತ್ರ ಜಾಸ್ತಿ ಕಾಣುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಪ್ಲೇಟಿಗೆ ಬಣ್ಣದ ರಾಸಾಯನಿಕ ಸೇರಿಸಿದರೆ ಹಸಿರೂ ಸಿಗುತ್ತದೆ ಅಂತ ಕಂಡುಕೊಂಡರು. ಕೆಂಪಿನ ಸರದಿ ಅದಕ್ಕೂ ಆಮೇಲೆ. ಅದಕ್ಕೆ ಮೊದಲು ತೆಗೆದಿದ್ದರೆ ನನ್ನ ದಾಸವಾಳ ಕರ್ರಗೇ ಬರುತ್ತಿತ್ತು. ಕೆಂಪಿಗೆ ಇಷ್ಟೇ ಬೂದು ಅಂತ ಯಾರೂ ಬರೆದಿಟ್ಟಿಲ್ಲ. ಹೂವನ್ನು ನೋಡಿದವರು ತೀರ್ಮಾನಿಸಬೇಕು.

ಇಷ್ಟೆಲ್ಲ ಹೇಳಿದರೂ ನನಗೆ ಸಮಾಧಾನ ಇಲ್ಲ. ಯಾಕೆಂದರೆ ನನಗೆ ಬೇಕಾದ ಪ್ರಶ್ನೆ ಇದಲ್ಲ. ಅದನ್ನು ಇಲ್ಲಿಯವರೆಗೆ ಒಬ್ಬರೇ ಕೇಳಿದ್ದಾರೆ.

ದಾದರ್ ಪಶ್ಚಿಮದಲ್ಲಿ, ಸ್ಟೇಷನ್ ಪಕ್ಕದ ಹೂವಿನ ಮಾರ್ಕೆಟ್ಟಿನಲ್ಲಿ ಒಬ್ಬ ಅಜ್ಜಿ ಕೂರುತ್ತಾರೆ. ಅಕ್ಕಲಕೋಟೆ ಕಡೆಯವರು. ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಒಂದು ಬೆಳಗ್ಗೆ ಚೀಲದಲ್ಲಿದ್ದ ಸಣ್ಣ ಪ್ರಿಂಟ್ ತೋರಿಸಿದೆ. ಹಳದಿ ಸೇವಂತಿಗೆಯದು, ಕಪ್ಪು-ಬಿಳುಪು. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಿತ್ರವನ್ನು ಬಲ್ಬಿನ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಇದು ನಿನ್ನಿ ಹೂವ, ತಂಗಿ. ಸುತ್ತಿನ ಎಸಳ ನೋಡ, ಕೆಳಗ ಬಾಗ್ಯಾವ. ನಡುವಿಂದು ಪೂರಾ ಬಿಚ್ಚೇದ. ಎಷ್ಟೊತ್ತಿಗೆ ತೆಗ್ದಿ ಇದನ್ನ?"

ಮಧ್ಯಾಹ್ನ ಮೂರಕ್ಕೆ ಅಂದೆ.

"ಅದಕ್ಕ. ಮುಂಜಾನೆ ತೆಗೀಬೇಕ್."

ಬಣ್ಣದ ಮಾತೇ ಬರಲಿಲ್ಲ! ಸೇವಂತಿಗೆಯಲ್ಲಿ ನಾವು ಎಸಳು ಅನ್ನುವುದು ಒಂದೊಂದೂ ಒಂದು ಪುಟ್ಟ ಹೂವು. ಅವು ಅಂಚಿನಿಂದ ನಡುವಿಗೆ ಸಾಲಾಗಿ ಅರಳುತ್ತಾ ಹೋಗುತ್ತವೆ. ಹಾಗಾಗಿ ಹೂವಿನ ವಯಸ್ಸು ಅದರ ಆಕಾರದಲ್ಲೇ ಇರುತ್ತದೆ. ಹಳದಿ ಎದುರಿಗಿದ್ದರೆ ನಮ್ಮ ಕಣ್ಣು "ಹಳದಿ ಸೇವಂತಿಗೆ" ಅಂದುಕೊಂಡು ಮುಂದೆ ಹೋಗಿಬಿಡುತ್ತದೆ. ನಾನು ಹೂವನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವುದು ಆ ಬಾಗಿದ ಎಸಳು ಕಾಣಲಿ ಅಂತ.

ಎಷ್ಟೊತ್ತಿಗೆ ತೆಗೆದಿರಿ ಅಂತ ಕೇಳಿ. ಗಂಟೆಗಟ್ಟಲೆ ಹೇಳುತ್ತೇನೆ. ಮಳೆಗಾಲದ ಬೆಳಗ್ಗೆ ಏಳರಿಂದ ಒಂಬತ್ತು ನನ್ನ ಹೊತ್ತು. ಮೋಡ ಕವಿದಾಗ ಆಕಾಶವೇ ಒಂದು ದೊಡ್ಡ ದೀಪವಾಗುತ್ತದೆ. ನೆರಳಿಗೆ ಅಂಚೇ ಇರುವುದಿಲ್ಲ. ಬಟರ್ ಪೇಪರ್ ಕೂಡ ಬೇಡ.

ಮುಂದಿನ ಮಂಗಳವಾರ ಹೋದಾಗ ಅಜ್ಜಿ ಐದು ಸೇವಂತಿಗೆ ಬೇರೆ ಎತ್ತಿಟ್ಟಿದ್ದರು. ಗೇಣುದ್ದದ ದಂಟು ಬಿಟ್ಟು, ಒದ್ದೆ ಪೇಪರಿನಲ್ಲಿ ಸುತ್ತಿದ್ದರು. ಹತ್ತು ರೂಪಾಯಿ ತಗೊಂಡು, "ಗಾಡ್ಯಾಗ ಎಸಳ ಮುರಕೋಬ್ಯಾಡ" ಅಂದರು. ದಾದರಿನಿಂದ ಮಾಟುಂಗಕ್ಕೆ ಒಂದೇ ಸ್ಟೇಷನ್. ಆ ಗದ್ದಲದಲ್ಲಿ ಪೊಟ್ಟಣವನ್ನು ತಲೆಯ ಮೇಲೆ ಎತ್ತಿ ಹಿಡಿದೇ ನಿಂತೆ. ಏಳೂ ಇಪ್ಪತ್ತಕ್ಕೆ ಮೊದಲ ಫ್ರೇಮ್. ಒಂದು ಎಸಳೂ ಬಾಗಿರಲಿಲ್ಲ.