ಟೊಮೇಟೊ ಬೀಜ ಎತ್ತಿಡುವ ಮುಂಚೆ

ಕೊನೆಯ ಕೊಯ್ಲಲ್ಲಿ ಉಳಿದ ಗೋಲಿ ಗಾತ್ರದ ಹಣ್ಣುಗಳನ್ನೇ ಬೀಜಕ್ಕೆ ಬಿಡುವುದು ಬಹಳ ಕಡೆ ರೂಢಿ. ಬೀಜ ಕೆಡುವುದೂ ಅಲ್ಲೇ. ಅಷ್ಟು ಹೊತ್ತಿಗೆ ಗಿಡ ಸೊರಗಿ, ಅರ್ಧ ಬೀಜ ಜೊಳ್ಳಾಗಿರುತ್ತದೆ. ಎರಡನೇ, ಮೂರನೇ ಗೊಂಚಲು ಕಾಯಿ ಕಚ್ಚಿದಾಗಲೇ ನಾಲ್ಕೈದು ಒಳ್ಳೆಯ ಗಿಡಕ್ಕೆ ದಾರ ಕಟ್ಟಿಡಿ: ಎಲೆ ಮುರುಟಿರಬಾರದು, ಎಲೆಯಲ್ಲಿ ಹಳದಿ ಮಚ್ಚೆ ಇರಬಾರದು, ಎಲ್ಲ ಗೊಂಚಲಲ್ಲೂ ಕಾಯಿ ನಿಂತಿರಬೇಕು. ಒಂದೇ ಒಂದು ದಪ್ಪ ಹಣ್ಣಿಗೆ ಮರುಳಾಗಬೇಡಿ.

ತಳಿ ಯಾವುದೆಂದು ಗೊತ್ತಿರಲಿ. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಹೈಬ್ರಿಡ್; ಅವುಗಳ ಬೀಜವೂ ಮೊಳೆಯುತ್ತದೆ, ಆದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಅರ್ಕಾ ವಿಕಾಸ್, ಪೂಸಾ ರೂಬಿ, ನಮ್ಮ ನಾಟಿ ಹುಳಿ ಟೊಮೇಟೊಗಳಿಗೆ ಆ ತೊಂದರೆಯಿಲ್ಲ.

ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಿ ಮೆತ್ತಗಾಗಲಿ. ಅಡ್ಡ ಕೊಯ್ದು, ಬೀಜವನ್ನು ಲೋಳೆಸಮೇತ ಗಾಜಿನ ಲೋಟಕ್ಕೆ ಹಿಂಡಿ, ಬಟ್ಟೆ ಮುಚ್ಚಿ ನೆರಳಲ್ಲಿಡಿ. ಮೊಳಕೆ ತಡೆಯುವ ಅಂಶ ಆ ಲೋಳೆಯಲ್ಲಿದೆ. ಹುಳಿ ಬಂದರೆ ಅದು ಕರಗುತ್ತದೆ. ನೀರು ಮಾತ್ರ ಬೆರೆಸಬೇಡಿ, ಹುಳಿಯುವುದು ತಡವಾಗಿ ಬೀಜ ಲೋಟದಲ್ಲೇ ಮೊಳೆತೀತು. ಬಯಲುಸೀಮೆಯ ಸೆಕೆಗೆ ಒಂದೆರಡು ದಿನ ಸಾಕು, ಮಲೆನಾಡಿನ ಮಳೆಗಾಲದಲ್ಲಿ ಮೂರು ದಿನವೂ ಬೇಕಾದೀತು. ಗಡಿಯಾರ ನಂಬಬೇಡಿ, ಬೆರಳು ನಂಬಿ: ಮೇಲೆ ಬುರುಗು, ತೆಳು ಬಿಳಿ ಪದರ ಕಂಡಾಗ ಎರಡು ಬೀಜ ತೆಗೆದು ಉಜ್ಜಿ ನೋಡಿ. ಜಾರದೆ ಒರಟಾಗಿ ಸಿಕ್ಕರೆ ಆಯಿತು. ಬೀಜ ಕಪ್ಪಾಗತೊಡಗಿದರೆ ತಡವಾಗಿದೆ ಎಂದೇ ಅರ್ಥ.

ಮೂರ್ನಾಲ್ಕು ನೀರಲ್ಲಿ ತೊಳೆದು ತೇಲಿದ್ದನ್ನು ಚೆಲ್ಲಿ. ಎಲೆಗೆ ಮಚ್ಚೆ ರೋಗ ತರುವ ಮೊಸಾಯಿಕ್ ವೈರಸ್ ಬೀಜದ ಸಿಪ್ಪೆಗೆ ಅಂಟಿ ಮುಂದಿನ ಬೆಳೆಗೂ ದಾಟುತ್ತದೆ, ಹುಳಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಅನುಮಾನವಿದ್ದರೆ ಲೀಟರ್ ನೀರಿಗೆ 100 ಗ್ರಾಂ ಟ್ರೈಸೋಡಿಯಂ ಫಾಸ್ಫೇಟ್ ಎಂಬ ಕ್ಷಾರದ ಪುಡಿ ಕರಗಿಸಿ (ಕೈಗವಸು ಹಾಕಿಕೊಂಡು), 15 ನಿಮಿಷ ನೆನೆಸಿ, ಚೆನ್ನಾಗಿ ತೊಳೆಯಿರಿ.

ಒಣಗಿಸಲು ನೈಲಾನ್ ಜಾಲರಿ ಅಥವಾ ತಟ್ಟೆ ಸಾಕು. ಪೇಪರ್ ಮೇಲೆ ಹರಡಿದರೆ ಕಿತ್ತು ಬಿಡಿಸುವುದೇ ಕೆಲಸ. ಮಧ್ಯಾಹ್ನದ ಬಿಸಿಲಿಗೆ ಸ್ಟೀಲ್ ತಟ್ಟೆ ಇಟ್ಟರೆ ಬೀಜ ಬೆಂದೇಹೋಗುತ್ತದೆ; ನೆರಳಲ್ಲಿ, ಗಾಳಿಯಾಡುವ ಕಡೆ ನಾಲ್ಕೈದು ದಿನ ಬಿಡಿ, ಮೊದಲ ದಿನ ಆಗಾಗ ಕೈಯಾಡಿಸಿ. ಉಗುರಲ್ಲಿ ಮಡಚಿದಾಗ ಬಾಗದೆ ಪಟ್ಟನೆ ಮುರಿಯಬೇಕು.

ತಳಿ, ವರ್ಷ ಬರೆದ ಕವರಿಗೆ ಹಾಕಿ, ಸಿಲಿಕಾ ಜೆಲ್ (ತೇವ ಹೀರುವ ಹರಳು) ಇರುವ ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟರೆ ನಾಲ್ಕು ವರ್ಷಕ್ಕೆ ಮೋಸವಿಲ್ಲ. ಫ್ರಿಜ್‌ನಲ್ಲಿಟ್ಟಿದ್ದರೆ ಬಾಟಲಿಯ ತಣುಪು ಪೂರ್ತಿ ಇಳಿದ ಮೇಲೆ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಒಳಗೆ ನೀರಾಡಿ ಬೀಜ ಒದ್ದೆಯಾಗುತ್ತದೆ.