ಚೀನಾ ರೇಟು ಸಂಡೂರಿಗೆ ಬರುವಷ್ಟರಲ್ಲಿ

ಮೊಬೈಲಿನಲ್ಲಿ ಕಾಣುವ ‘ಶೇ 62, ಸಿಎಫ್‌ಆರ್ ಚೀನಾ’ ಎಂಬ, ಶೇ 62 ಕಬ್ಬಿಣವಿರುವ ಅದಿರಿನ ರೇಟನ್ನು ರೂಪಾಯಿಗೆ ತಿರುಗಿಸಿ, ಬಳ್ಳಾರಿ ಅದಿರಿನ ಬೆಲೆ ಇಷ್ಟೇ ಎಂದು ಹೇಳಿಬಿಡುವವರು ಈಗಲೂ ಇದ್ದಾರೆ. ಆ ರೇಟು ಹಡಗಿನ ಬಾಡಿಗೆಯೂ ಸೇರಿ ಚೀನಾದ ಬಂದರಿಗೆ ಮುಟ್ಟಿಸಿದ ಒಣ ಟನ್ನಿನದು, ಅಂದರೆ ತೇವ ಕಳೆದ ತೂಕದ್ದು. ಸಂಡೂರಿನ ಸ್ಟಾಕ್‌ಯಾರ್ಡಿನಲ್ಲಿ ಬಿದ್ದಿರುವುದು ಹಸಿ ಟನ್ನು.

ಲೆಕ್ಕಕ್ಕೆಂದು ರೇಟು 100 ಡಾಲರ್, ಪುಡಿ ಅದಿರಿನಲ್ಲಿ ಕಬ್ಬಿಣ ಶೇ 57, ತೇವ ಶೇ 8 ಎಂದಿಟ್ಟುಕೊಳ್ಳಿ. 100ನ್ನು 62ರಿಂದ ಭಾಗಿಸಿ 57ರಿಂದ ಗುಣಿಸಿದರೆ ಸುಮಾರು 92. ಕೆಳದರ್ಜೆ ಮಾಲೆಂದು ಕೊಳ್ಳುವವ ಶೇ 15 ಮುರಿದುಕೊಂಡರೆ 78. ಹಡಗಿನ ಬಾಡಿಗೆ 18 ಡಾಲರ್ ಅಂದರೆ ಅದು ಹಸಿ ಟನ್ನಿಗೆ. ಒಣ ಟನ್ನಿನ ಮೇಲೆ 19.57 ಬೀಳುತ್ತದೆ. ನೀರಿಗೂ ಟಿಕೆಟ್! ಉಳಿಯುವುದು 58 ಚಿಲ್ಲರೆ. ರೈಲು, ಬಂದರು, ರಾಜಧನ ಎಲ್ಲವೂ ಅದರಲ್ಲೇ ಆಗಬೇಕು.

ಚೌಕಾಸಿ ಜೋರಾಗುವುದು ಅದಿರಿನಲ್ಲಿ ಬೆರೆತಿರುವ ಅಲ್ಯುಮಿನಾ ಎಂಬ ಕಲ್ಮಶದ ವಿಷಯದಲ್ಲಿ. ಅದು ಹೆಚ್ಚಾದರೆ ಕುಲುಮೆಯಲ್ಲಿ ಕಿಟ್ಟ ಮಂದವಾಗಿ ಕೋಕ್ ಹೆಚ್ಚು ಸುಡುತ್ತದೆ.

ಚೀನಾ, ಆಸ್ಟ್ರೇಲಿಯಾ ಇರುವ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ 2019ರಲ್ಲಿ ಭಾರತ ಹಿಂದೆ ಸರಿದದ್ದೇ ನಮ್ಮ ರಫ್ತಿಗೆ ಪೆಟ್ಟು ಎನ್ನುವ ವಾದ ಅದಿರಿನ ಮಟ್ಟಿಗೆ ನಿಲ್ಲುವುದಿಲ್ಲ. ಕಬ್ಬಿಣದ ಅದಿರಿಗೆ ಚೀನಾದ ಆಮದು ಸುಂಕವೇ ಸೊನ್ನೆ. ಆಸ್ಟ್ರೇಲಿಯಾ ಗೆಲ್ಲುವುದು ಗಣಿಯಿಂದ ಬಂದರಿಗೆ ಗಣಿ ಕಂಪನಿಗಳೇ ಹಾಕಿಕೊಂಡ ರೈಲು ಹಳಿಯಿಂದ, ದೊಡ್ಡ ಹಡಗಿನಿಂದ. ನಮ್ಮ ಅಡ್ಡಗಾಲು ನಮ್ಮಲ್ಲೇ ಇತ್ತು: ಕರ್ನಾಟಕದ ಅದಿರಿನ ರಫ್ತಿಗೆ ಸುಪ್ರೀಂ ಕೋರ್ಟ್ 2022ರ ಮೇ 20ರಂದು ಒಪ್ಪಿತು, ಎರಡೇ ದಿನದಲ್ಲಿ ಕೇಂದ್ರ ಶೇ 50 ರಫ್ತು ಸುಂಕ ಹಾಕಿತು. ಶೇ 58ಕ್ಕಿಂತ ಕಡಿಮೆ ಕಬ್ಬಿಣದ ಅದಿರಿಗೆ ಅದು ಹೋದದ್ದು ನವೆಂಬರಿನಲ್ಲಿ.

ಮಳೆಗಾಲದ ಮಾಲಿನಲ್ಲಿ ದುಡ್ಡಿಗಿಂತ ದೊಡ್ಡ ಅಪಾಯವಿದೆ. ತೇವ ಮಿತಿ ಮೀರಿದ ಪುಡಿ ಅದಿರು ಹಡಗಿನ ಕುಲುಕಾಟಕ್ಕೆ ಕೆಸರಾಗಿ ಒಂದೇ ಕಡೆ ಹರಿಯುತ್ತದೆ. 2009ರ ಜುಲೈನಲ್ಲಿ ‘ಏಷ್ಯನ್ ಫಾರೆಸ್ಟ್’ ಹಡಗು ಮಂಗಳೂರಿನಾಚೆ ಮುಳುಗಿದ್ದು ಪುಡಿ ಅದಿರು ತುಂಬಿಕೊಂಡೇ. ಲೋಡಿಂಗ್‌ಗೆ ಮುಂಚೆ ಅರ್ಧದಿಂದ ಒಂದು ಲೀಟರ್ ಹಿಡಿಯುವ ಡಬ್ಬಿಗೆ ಅರ್ಧ ಅದಿರು ತುಂಬಿ, 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಿ ನೋಡಿ. ಮೇಲೆ ನೀರು ಒಸರಿದರೆ ಲೋಡಿಂಗ್ ನಿಲ್ಲಿಸಿ ಲ್ಯಾಬಿಗೆ ಕಳಿಸಿ. ಒಸರದಿದ್ದರೂ ಲ್ಯಾಬ್ ವರದಿ ತಪ್ಪುವುದಿಲ್ಲ. ಡಬ್ಬಿ ಸುಳ್ಳು ಹೇಳುವುದುಂಟು.